‘ಸೀತಾಳೆ’ಯನ್ನು ‘ಬಂದಳಿಕೆ’ ಎನ್ನಬಹುದೇ?

ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳ ಕೊಂಬೆಗಳಿಂದ ಬಿಳಿ-ನೇರಳೆ ಹೂಗಳ ಗೊಂಚಲಾಗಿ ಜೋಲುವ ಸೀತಾಳೆ ದಂಡೆಯನ್ನು (ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟೂಸಾ) ಕನ್ನಡ ಬರಹಗಳಲ್ಲಿ ಒಮ್ಮೆ ‘ಪರಾವಲಂಬಿ’ ಎಂದೂ ಇನ್ನೊಮ್ಮೆ ‘ಬಂದಳಿಕೆ’ (ಆಸರೆಯ ಮರದಿಂದಲೇ ಆಹಾರ ಹೀರುವ ಗಿಡ) ಎಂದೂ ಕರೆದಿರುವುದನ್ನು ಓದಿದ್ದೇನೆ. ಎರಡೂ ತಪ್ಪು ಬಳಕೆಯೆಂದು ನನ್ನ ಅಭಿಪ್ರಾಯ. ಬಲ್ಲವರು ಪರಿಶೀಲಿಸಬೇಕೆಂದು ಕೋರುತ್ತೇನೆ.

ಕಳೆದ ಮಳೆಗಾಲದಲ್ಲಿ ಗಾಳಿಗೆ ಮುರಿದುಬಿದ್ದ ನಮ್ಮ ಮಾವಿನ ಕೊಂಬೆಯೊಂದರಲ್ಲಿ ಎರಡೂ ಗಿಡಗಳಿದ್ದವು. ಬಂದಳಿಕೆ ಹುಟ್ಟಿದ ಜಾಗದಲ್ಲಿ ಕೊಂಬೆ ಗಂಟುಗಟ್ಟಿತ್ತು. ಕತ್ತಿಯಿಂದ ಸೀಳಿದರೆ ಅದರ ಬುಡ ಮಾವಿನ ಕಟ್ಟಿಗೆಯೊಳಗೇ ಹೊಕ್ಕು ಬೆಸೆದುಕೊಂಡಿತ್ತು. ಸೀತಾಳೆಯ ಬೇರುಗಳಾದರೋ ತೊಗಟೆಯ ಮೇಲಷ್ಟೇ ಹರಡಿದ್ದು, ಬೆರಳಿನಿಂದ ಬಿಡಿಸಿದಾಗ ಒಣ ತೊಗಟೆಯ ಚೂರುಗಳೊಡನೆ ಎದ್ದುಬಂದವು. ಆ ಬೂದುಬಣ್ಣದ ಬೇರಿಗೆ ನೀರು ಚಿಮುಕಿಸಿದೊಡನೆ ಅದು ಹಸಿರಾಯಿತು. ಹೊರಗಿನ ನಿರ್ಜೀವ ಕೋಶಗಳ ಪದರ ನೀರನ್ನು ಹೀರಿ ಪಾರದರ್ಶಕವಾಗುವುದರಿಂದ ಒಳಗಿನ ಹಸಿರು ಕಾಣುತ್ತದೆ. ಮಳೆ, ಮಂಜು, ತೊಗಟೆಯ ಸಂದಿನಲ್ಲಿ ಕೂಡಿದ ಕಸ, ಇಷ್ಟರಿಂದಲೇ ಬದುಕುವ ಈ ಗಿಡಕ್ಕೆ ಮರ ಆಸರೆಯೇ ಹೊರತು ಆಹಾರವಲ್ಲ.

ಗೊಂದಲ ಹಳೆಯದಿರಬೇಕು. ಸಂಸ್ಕೃತ ನಿಘಂಟಾದ ಅಮರಕೋಶದಲ್ಲಿ ಬಂದಳಿಕೆಯ ಹೆಸರಾದ ‘ವಂದಾ’ ಎಂಬುದಕ್ಕೆ ‘ವೃಕ್ಷಾದನೀ’, ‘ವೃಕ್ಷರುಹಾ’ ಎಂಬ ಪರ್ಯಾಯಗಳಿವೆ: ಮೊದಲನೆಯದು ಮರವನ್ನು ತಿನ್ನುವುದು, ಎರಡನೆಯದು ಮರದ ಮೇಲೆ ಬೆಳೆಯುವುದು. ನಾವು ಬೇರ್ಪಡಿಸಬೇಕೆನ್ನುವ ಎರಡು ಅರ್ಥಗಳು ಅಲ್ಲಿ ಒಂದೇ ಸಾಲಿನಲ್ಲಿ ಕುಳಿತಿವೆ. ಅದೇ ‘ವಂದಾ’ ಮುಂದೆ ಸೀತಾಳೆಯ ಹತ್ತಿರದ ನಂಟಿನ ಆರ್ಕಿಡ್ ಕುಲವೊಂದರ ಶಾಸ್ತ್ರೀಯ ಹೆಸರೂ ಆಯಿತು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ನಮ್ಮ ಸೀತಾಳೆಯನ್ನು ಸೇರಿಸಿದ್ದ ‘ಎಪಿಡೆಂಡ್ರಮ್’ ಕುಲದ ಹೆಸರಿಗೆ ಮಾತ್ರ ‘ಮರದ ಮೇಲಿನದು’ ಎಂಬಷ್ಟೇ ಅರ್ಥ.

ಈ ಅರ್ಥಕ್ಕೆ ‘ಅಧಿಸಸ್ಯ’, ‘ಅಪ್ಪುಸಸ್ಯ’ ಎಂಬ ಪದಗಳು ಬಳಕೆಯಲ್ಲಿವೆ. ತೊಗಟೆಯನ್ನು ತಬ್ಬಿದ ಬೇರನ್ನು ಕಂಡವರಿಗೆ ‘ಅಪ್ಪುಸಸ್ಯ’ವೇ ಹೆಚ್ಚು ಒಪ್ಪುತ್ತದೆ ಎನ್ನಿಸೀತು, ನನ್ನ ಒಲವೂ ಅದರ ಕಡೆಗೇ.

ಕೇಳಬೇಕಾದದ್ದು ಎರಡು. ‘ಬಂದಳಿಕೆ’, ‘ಬದನಿಕೆ’ ಎಂಬ ರೂಪಗಳಿಗೂ ‘ವಂದಾ’ ಶಬ್ದಕ್ಕೂ ಸಂಬಂಧವನ್ನು ಹೇಳಬಹುದೇ? ಮುಡಿಗೇರುವ ಹೂಮಾಲೆಯೆಂಬ ಅರ್ಥದ ‘ದಂಡೆ’ ಈ ಒಂದು ಹೂವಿಗೇ ಮೀಸಲೇ, ಅಥವಾ ನಿಮ್ಮ ಕಡೆ ಬೇರೆ ಆರ್ಕಿಡ್‌ಗಳನ್ನೂ ‘ಸೀತಾಳೆ ದಂಡೆ’ ಎನ್ನುತ್ತಾರೆಯೇ? ಊರಿನ ಹೆಸರಿನೊಡನೆ ತಿಳಿಸಿದರೆ ಉಪಕಾರವಾಗುತ್ತದೆ.