‘ಬೆನ್-ಹರ್’ ಸಿನಿಮಾದ ರಥದ ಓಟದಲ್ಲಿ ಸಂಗೀತವೇ ಇಲ್ಲ! ನಿಮಗೆ ಗೊತ್ತಿತ್ತಾ?

ಹೊಲಿಗೆಯಕ್ಕ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಸಂಗೀತ ಕಲಿತವಳಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಮಿಷನ್ ಮುಂದೆ ಕೂತು ಕೇಳುವುದು ಸಂಗೀತವೇ. ಅದರಲ್ಲೂ ಹಳೆಯ ಬೈಬಲ್ ಕಥೆಯ ಸಿನಿಮಾಗಳ ದೊಡ್ಡ ವಾದ್ಯವೃಂದ ಅಂದ್ರೆ ಪ್ರಾಣ.

ಅದು ಶುರುವಾದದ್ದು ಬೇಳದಲ್ಲಿ, ಗೆಳತಿಯ ಮನೆಯಲ್ಲಿ. ನನಗಾಗ ಹತ್ತು ವರ್ಷ. ಬಾಡಿಗೆಗೆ ವಿಸಿಆರ್ ತಂದು, ಅಡಿಕೆ ಒಣಹಾಕುವ ಅಂಗಳದಲ್ಲಿ ಟಿವಿ ಇಟ್ಟು ‘ಬೆನ್-ಹರ್’ ಹಾಕಿದ್ದರು. ಮೊದಲಿಗೆ ಕಥೆಯೇ ಶುರುವಾಗುವುದಿಲ್ಲ. ಪರದೆ ಮೇಲೆ ಮೈಕೆಲೆಂಜೆಲೊ ಬಿಡಿಸಿದ ಚಿತ್ರ, ಒಂದರ ಕಡೆಗೆ ಒಂದು ಚಾಚಿದ ಎರಡು ಕೈ. ಆರು ನಿಮಿಷಕ್ಕೂ ಜಾಸ್ತಿ ಬರೀ ಸಂಗೀತ. ಯಾರೋ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿದೆ ಅಂದರು. ಗೆಳತಿಯ ಅಪ್ಪ, "ಸುಮ್ನೆ ಕೂತುಕೊಳ್ಳಿ, ಯಕ್ಷಗಾನದ ಆಟಕ್ಕೆ ಮೊದಲು ಚೆಂಡೆಯಲ್ಲಿ ‘ಕೇಳಿ’ ಬಾರಿಸುವುದಿಲ್ವಾ? ಹಾಗೆಯೇ ಇದು" ಅಂದರು. ಆ ಮಾತು ಕೇಳಿದ ಮೇಲೆ ನಾನು ಕಿವಿ ಕೊಟ್ಟು ಕೂತೆ. ಇವತ್ತಿಗೂ ಹಾಗೆಯೇ ಕೇಳುತ್ತೇನೆ.

ಈಗ ಪ್ರಶ್ನೆ. ರಥದ ಓಟಕ್ಕೆ ಭಾರೀ ಸಂಗೀತ ಇತ್ತು ಅಂತ ಇಷ್ಟು ವರ್ಷ ನನ್ನ ನೆನಪು. ಕಣ್ಣು ಮುಚ್ಚಿದರೆ ಕಹಳೆ ಕೇಳಿಸುತ್ತಿತ್ತು. ಹೋದ ವಾರ ಅಮ್ಮನ ಜೊತೆ ಪುನಃ ನೋಡಿದೆ. ಓಟದಲ್ಲಿ ಒಂದು ಸ್ವರವೂ ಇಲ್ಲ! ಗೊರಸು, ಚಕ್ರ, ಚಾಟಿ, ಜನರ ಕೂಗು ಅಷ್ಟೇ. ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಹಾಗಾದರೆ ನಾನು ಕೇಳಿದ್ದು ಏನು? ಸಂಗೀತ ಕೊಟ್ಟ ಮಿಕ್ಲೋಶ್ ರೋಜಾ ಅಲ್ಲಿ ಯಾಕೆ ಕೈ ಕಟ್ಟಿ ಕೂತರು? ಇಂಥದ್ದು ಬೇರೆ ಯಾವುದು ಕೇಳಬಹುದು, ಅದನ್ನೂ ಹೇಳಿ.

ಚೆಂಡೆಪೆಟ್ಟು, ಪೆರ್ಲ:

ಅಕ್ಕಾ, ನೀವು ಕೇಳಿದ್ದು ಸುಳ್ಳಲ್ಲ. ಅದು ಓಟಕ್ಕೆ ಮುಂಚಿನದ್ದು. ರಥಗಳೆಲ್ಲ ಸಾಲಾಗಿ ಮೈದಾನಕ್ಕೆ ಒಂದು ಸುತ್ತು ಬರುವಾಗ ಕಹಳೆ, ಡೋಲು ಎಲ್ಲ ಸೇರಿ ಒಂದು ಮೆರವಣಿಗೆಯ ನಡೆ ಬರುತ್ತದಲ್ವಾ, ಅದು. ನಮ್ಮ ಯಕ್ಷಗಾನದ ಒಡ್ಡೋಲಗ ಇದ್ದ ಹಾಗೆ. ವೇಷಗಳು ಒಳ್ಳೆ ಗತ್ತಿನಲ್ಲಿ ಬಂದು ನಿಂತರೆ ಆಮೇಲೆ ರಾತ್ರಿಯಿಡೀ ಆ ಪೆಟ್ಟು ಕಿವಿಯಲ್ಲಿ ಉಳಿಯುತ್ತದೆ. ರೋಜಾ ಅಷ್ಟು ಕೊಟ್ಟು ಕೋಲು ಕೆಳಗಿಟ್ಟರು. ಹತ್ತಿರ ಒಂಬತ್ತು ನಿಮಿಷದ ಓಟವನ್ನು ಕುದುರೆಗಳ ಗೊರಸಿಗೇ ಬಿಟ್ಟರು. ಗೊರಸಿನ ಸದ್ದಿಗೇ ಒಂದು ಲಯ ಉಂಟು, ಅದರ ಮೇಲೆ ಇನ್ನೊಂದು ಹಾಕಿದರೆ ಎರಡೂ ಕೆಡುತ್ತದೆ. ಕರುಣ ರಸದ ಪದಕ್ಕೆ ನಾವು ಚೆಂಡೆ ಬಿಟ್ಟು ಮದ್ದಳೆಗೆ ಮಾತ್ರ ಜಾಗ ಕೊಡುತ್ತೇವೆ. ಬಾರಿಸದೆ ನಿಲ್ಲುವುದನ್ನು ಕಲಿಯಲು ನನಗೆ ಬಾರಿಸುವುದಕ್ಕಿಂತ ಜಾಸ್ತಿ ವರ್ಷ ಬೇಕಾಯಿತು.

ನಿಮಗೆ ನಾನು ಹೇಳುವುದು ಹಡಗಿನ ಹುಟ್ಟು ಹಾಕುವ ಜಾಗ ಕೇಳಿ ಅಂತ. ಕೈದಿಗಳು ಕೆಳಗೆ ಸಾಲಾಗಿ ಕೂತಿದ್ದಾರೆ. ಎದುರಿಗೆ ಒಬ್ಬ ಎರಡು ಕೊಡತಿ ಹಿಡಿದು ತಾಳ ಹಾಕುತ್ತಾನೆ. ಮೇಲಧಿಕಾರಿ ಹೇಳಿದ ಹಾಗೆ ಹಂತ ಹಂತವಾಗಿ ವೇಗ ಏರುತ್ತದೆ. ಆ ಕೊಡತಿಯ ಪೆಟ್ಟನ್ನೇ ಹಿಡಿದುಕೊಂಡು ವಾದ್ಯವೃಂದ ಹೋಗುತ್ತದೆ. ನಾನು ತೊಡೆ ಮೇಲೆ ತಾಳ ಹಾಕಿ ನೋಡಿದೆ. ಕೊನೆಯ ವೇಗಕ್ಕೆ ಬರುವಾಗ ಕೈ ಸೋತಿತು, ಅಲ್ಲಿ ಒಬ್ಬೊಬ್ಬರೇ ಹುಟ್ಟಿನ ಮೇಲೆ ಕುಸಿಯುತ್ತಾರೆ. ಯಕ್ಷಗಾನದ ಏರು ಪದದ, ಅಂದರೆ ಬಿರುಸಿನ ಹಾಡಿನ ಅಂದಾಜು ಇದ್ದವರಿಗೆ ಅದು ಮೈಗೆ ತಾಗುತ್ತದೆ.

ಕಡಲಬದಿ, ಮಂಜೇಶ್ವರ:

ಚೆಂಡೆ ಮಾಷ್ಟ್ರು ಲಯ ಹೇಳಿದರು, ನಾನು ರಾಗ ಹೇಳುತ್ತೇನೆ. ನಾನು ಇಗರ್ಜಿಯಲ್ಲಿ ಹಾಡುವವನು.

ಇಡೀ ಸಿನಿಮಾದಲ್ಲಿ ಯೇಸುವಿನ ಮುಖ ತೋರಿಸುವುದಿಲ್ಲ. ಮಾತೂ ಇಲ್ಲ. ಆ ಮುಖದ ಕೆಲಸ ಸಂಗೀತ ಮಾಡಬೇಕು. ರೋಜಾ ಅದಕ್ಕೆ ಆರ್ಗನ್ ಇಟ್ಟುಕೊಂಡರು, ಜೊತೆಗೆ ಪಿಟೀಲು. ನಜರೇತಿನಲ್ಲಿ ಸರಪಳಿ ಹಾಕಿದ ಕಥಾನಾಯಕ ಜುದಾ ಬಾಯಾರಿ ಬಿದ್ದಿರುತ್ತಾನೆ. ಒಬ್ಬ ಬಂದು ನೀರು ಕೊಡುತ್ತಾನೆ. ತಡೆಯಲು ಬಂದ ರೋಮನ್ ಸೈನಿಕ ಅವನ ಮುಖ ನೋಡಿ ಮಾತಾಡದೆ ನಿಲ್ಲುತ್ತಾನೆ. ನಮಗೆ ಕಾಣುವುದು ಬೆನ್ನು ಮಾತ್ರ. ಆದರೂ ಆ ಮುಖ ನಾನು ನೋಡಿದ್ದೇನೆ ಅಂತಲೇ ಅನಿಸುತ್ತದೆ ನನಗೆ.

ಇನ್ನೊಂದು. ಯೇಸು ಹುಟ್ಟುವ ದೃಶ್ಯಕ್ಕೆ ‘ಅದೆಸ್ತೆ ಫಿದೆಲೆಸ್’ ಹಾಕಿ ಅಂತ ನಿರ್ದೇಶಕ ವಿಲಿಯಂ ವೈಲರ್ ಕೇಳಿದ್ದರಂತೆ. ನಾವು ಪ್ರತಿ ಕ್ರಿಸ್ಮಸ್ಸಿಗೆ ಹಾಡುವ ಹಾಡು ಅದು, ನನಗೆ ಪ್ರೀತಿ. ಆದರೆ ಅದು 18ನೇ ಶತಮಾನದ್ದು. ರೋಜಾ ಒಪ್ಪಲಿಲ್ಲ, ತಾವೇ ಒಂದು ಹೊಸದು ಬರೆದರು. ಸರಿಯಾಗಿಯೇ ಮಾಡಿದರು. ಈ ಸಂಗೀತಕ್ಕೆ ಅವರಿಗೆ ಆಸ್ಕರ್ ಬಂತು, ಅದು ಅವರ ಮೂರನೆಯದು.

ಮುಂದೆ ಕೇಳಲು: ಅವರದ್ದೇ ‘ಕ್ವೋ ವಾಡಿಸ್’ (1951), ‘ಕಿಂಗ್ ಆಫ್ ಕಿಂಗ್ಸ್’ (1961). ಮೊದಲನೆಯದಕ್ಕೆ ಅವರು ಹಳೇ ಗ್ರೀಕ್ ಸಮಾಧಿ ಕಲ್ಲಿನ ಮೇಲೆ ಕೆತ್ತಿದ್ದ ರಾಗವನ್ನೂ ತಂದಿದ್ದಾರೆ. ಆಲ್ಫ್ರೆಡ್ ನ್ಯೂಮನ್ ಅವರ ‘ದಿ ರೋಬ್’ (1953) ಬಿಡಬೇಡಿ.

ತೋಟದಮನೆ, ಮುಳ್ಳೇರಿಯ:

‘ಟೆನ್ ಕಮಾಂಡ್‌ಮೆಂಟ್ಸ್’ (1956) ಯಾರೂ ಹೇಳಲಿಲ್ವಲ್ಲ! ಎಲ್ಮರ್ ಬರ್ನ್‌ಸ್ಟೈನ್ ಆಗ ಇನ್ನೂ 34ರ ಹುಡುಗ. ಜನ ಈಜಿಪ್ಟ್ ಬಿಟ್ಟು ಹೊರಡುವಾಗ ಅವರು ಮೊದಲು ನಿಧಾನದ ಸಂಗೀತ ಬರೆದಿದ್ದರು. ಇಷ್ಟು ಮಂದಿ, ಇಷ್ಟು ದನ-ಕುರಿ, ಇನ್ನೂ ನಿಧಾನ ಕಾಣುತ್ತದೆ, ಓಡುವಂಥದ್ದು ಬೇಕು ಅಂತ ನಿರ್ದೇಶಕ ಡಿಮಿಲ್ ಬದಲಾಯಿಸಿದರು. ಚಿತ್ರ ಅದೇ, ಸಂಗೀತ ಬದಲಾದ ಕೂಡಲೇ ಜನರ ಕಾಲಿಗೆ ಹುರುಪು ಬಂತು. ಮಿಷನ್ ತುಳಿಯುವಾಗ ಇದನ್ನೇ ಹಾಕಿ ಅಕ್ಕಾ.

ಹೊಲಿಗೆಯಕ್ಕ, ಬದಿಯಡ್ಕ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಮಾಷ್ಟ್ರೆ, ಹಡಗಿನ ಹುಟ್ಟು ಹಾಕುವ ದೃಶ್ಯ ನಿನ್ನೆ ಅಂಗಡಿ ಬಾಗಿಲು ಹಾಕಿ ಕೇಳಿದೆ, ಕೆಲಸ ಮಾಡುತ್ತಾ ಕೇಳುವಂಥದ್ದಲ್ಲ ಅದು. ಮನೆಗೆ ಹೋಗಿ ಊಟ ಆದ ಮೇಲೆ ನೀರು ಕೊಡುವ ಎರಡು ದೃಶ್ಯವನ್ನೂ ಬೆನ್ನುಬೆನ್ನಿಗೆ ಹಾಕಿದೆ. ಮೊದಲು ನಜರೇತಿನದ್ದು. ಆಮೇಲೆ ಶಿಲುಬೆ ಹೊತ್ತು ಬಿದ್ದವನಿಗೆ ಜುದಾ ನೀರು ತರುವುದು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡಕವನ್ನೂ ತೆಗೆದಿಟ್ಟಿದ್ದರು, ಅವರೆ ಸುಲಿಯುತ್ತಾ ಕೂತಿದ್ದರು. ಎರಡನೆಯದರಲ್ಲಿ ಆ ರಾಗ ಬಂದದ್ದೇ ತಲೆ ಎತ್ತಿ, "ಇವನೇ ಅಲ್ವಾ ಆಗ ನೀರು ಕೊಟ್ಟದ್ದು?" ಅಂತ ಕೇಳಿದರು.