'ಫ್ರೀ ಜಾಝ್': ಮುಕ್ತವೇ, ಸ್ವಚ್ಛಂದವೇ? ಆರ್ನೆಟ್ ಕೋಲ್ಮನ್ ಲೇಖನಕ್ಕೆ ಬೇಕಾದ ಕೆಲವು ಪದಗಳು

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ (1930–2015) ಅವರ ಬದುಕು ಮತ್ತು ಧ್ವನಿಮುದ್ರಿಕೆಗಳ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಸಂಗೀತ ಕಚೇರಿಗಳಿಗೆ ಹೋಗುವ, ಆದರೆ ಜಾಝ್ ಅನ್ನು ಅಷ್ಟಾಗಿ ಕೇಳಿರದ ಓದುಗರು ನನ್ನ ಮನಸ್ಸಿನಲ್ಲಿದ್ದಾರೆ. ಕದ್ರಿ ಗೋಪಾಲನಾಥರಿಂದಾಗಿ ಆಲ್ಟೊ ಸ್ಯಾಕ್ಸೊಫೋನ್ ನಮಗೆ ಹೊಸ ವಾದ್ಯವಲ್ಲ. ಹಾಗಾಗಿ ವಾದ್ಯದ ಪರಿಚಯಕ್ಕೆ ತೊಂದರೆಯಿಲ್ಲ. ಬರವಣಿಗೆ ನಿಂತಿರುವುದು ಕೆಲವು ಪದಗಳ ಬಳಿ. ನಿಘಂಟುಗಳಲ್ಲಿ ಇವಕ್ಕೆಲ್ಲ ಅರ್ಥ ಸಿಗುತ್ತದೆ. ಆದರೆ ಆ ಅರ್ಥಗಳನ್ನು ಹಾಗೆಯೇ ತಂದಿಟ್ಟರೆ ಈ ಸಂಗೀತದ ಬಗ್ಗೆ ತಪ್ಪು ಹೇಳಿದಂತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು 'ಫ್ರೀ ಜಾಝ್'. 1960ರ ಡಿಸೆಂಬರ್ 21ರಂದು ಕೋಲ್ಮನ್ ನ್ಯೂಯಾರ್ಕಿನ ಸ್ಟುಡಿಯೊ ಒಂದರಲ್ಲಿ ತಾವೂ ಸೇರಿ ಎಂಟು ಮಂದಿಯನ್ನು ಎರಡು ತಂಡಗಳಾಗಿ ಕೂರಿಸಿದರು. ಸ್ಟೀರಿಯೊದಲ್ಲಿ ಒಂದು ತಂಡ ಎಡಗಡೆ, ಇನ್ನೊಂದು ಬಲಗಡೆ ಕೇಳಿಸುತ್ತದೆ. ಎಡಗಡೆ ಕೋಲ್ಮನ್, ಪುಟ್ಟ ಟ್ರಂಪೆಟ್ ಹಿಡಿದ ಡಾನ್ ಚೆರಿ, ಬಾಸ್ ಎಂಬ ದೊಡ್ಡ ತಂತಿವಾದ್ಯದಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಬಿಲ್ಲಿ ಹಿಗಿನ್ಸ್. ಬಲಗಡೆ ಬಾಸ್ ಕ್ಲಾರಿನೆಟ್ ಊದುವ ಎರಿಕ್ ಡಾಲ್ಫಿ, ಟ್ರಂಪೆಟ್‌ನ ಫ್ರೆಡ್ಡಿ ಹಬಾರ್ಡ್, ಬಾಸ್‌ನಲ್ಲಿ ಚಾರ್ಲಿ ಹೇಡನ್, ಡ್ರಮ್ಸ್‌ನಲ್ಲಿ ಎಡ್ ಬ್ಲ್ಯಾಕ್‌ವೆಲ್. ಒಂದೇ ಓಟದಲ್ಲಿ ನುಡಿಸಿದ 37 ನಿಮಿಷಗಳ ಆ ವಾದನ ಎಲ್‌ಪಿಯ ಎರಡೂ ಮಗ್ಗುಲುಗಳನ್ನು ತುಂಬಿತು. ಹೊದಿಕೆಗೆ ಜಾಕ್ಸನ್ ಪೊಲಾಕ್ ಅವರ ಚಿತ್ರ, ಮುದ್ರಿಕೆಗೆ 'ಫ್ರೀ ಜಾಝ್' ಎಂಬ ಹೆಸರು. ಬರುಬರುತ್ತಾ ಆ ಹೆಸರು ಒಂದು ಇಡೀ ಪಂಥಕ್ಕೇ ಅಂಟಿಕೊಂಡಿತು. ಸಿನ್ಸಿನಾಟಿ ನಗರದಲ್ಲಿ ಇದೇ ಹೆಸರಿನಲ್ಲಿ ಕಾರ್ಯಕ್ರಮ ಏರ್ಪಾಡಾದಾಗ, 'ಫ್ರೀ' ಎಂದಿದೆಯಲ್ಲ, ಟಿಕೆಟ್ ಏಕೆ ಎಂದು ಬಂದವರು ಹಣ ಕೊಡಲು ಒಪ್ಪಲಿಲ್ಲವಂತೆ. ಕಾರ್ಯಕ್ರಮವೇ ನಡೆಯಲಿಲ್ಲ ಎಂಬ ಕಥೆ ಕೋಲ್ಮನ್ ಬಗ್ಗೆ ಬರೆಯುವವರೆಲ್ಲರ ಬಾಯಲ್ಲಿದೆ. ಕನ್ನಡದಲ್ಲಿ ಆ ಗೊಂದಲವಿಲ್ಲ. ಹಣ ಕೊಡಬೇಕಿಲ್ಲದ್ದಕ್ಕೆ ಉಚಿತ, ಪುಕ್ಕಟೆ, ಬಿಟ್ಟಿ ಎಂಬ ಬೇರೆಯೇ ಪದಗಳಿವೆ. ನಮ್ಮ ಗೊಂದಲ ಉಳಿದ ಅರ್ಥದ್ದು.

ಪತ್ರಿಕೆಗಳಲ್ಲಿ ಈ ಬಗೆಯ ಸಂಗೀತವನ್ನು ಹೆಸರಿಸಬೇಕಾದಾಗ ಮೊದಲು ಕೈಗೆ ಬರುವುದು 'ಮುಕ್ತ ಜಾಝ್'. ನನಗದು ಒಪ್ಪಿಗೆಯಾಗುತ್ತಿಲ್ಲ. ಋಣಮುಕ್ತ, ರೋಗಮುಕ್ತ, ಬಂಧಮುಕ್ತ: 'ಮುಕ್ತ' ಎಂದ ಕೂಡಲೇ 'ಯಾವುದರಿಂದ?' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಮುಕ್ತ ವಿಶ್ವವಿದ್ಯಾಲಯ, ಮುಕ್ತ ಮಾರುಕಟ್ಟೆಗಳಲ್ಲಿ ಅದೇ ಪದ 'ಎಲ್ಲರಿಗೂ ತೆರೆದದ್ದು' ಎಂಬ ಅರ್ಥಕ್ಕೆ ಹೊರಳುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಓದುಗರಿಗೆ ಅನಿಸುವುದು, ಇಲ್ಲಿ ಕಟ್ಟುಪಾಡೇ ಇಲ್ಲ, ಯಾರು ಏನನ್ನಾದರೂ ಊದಬಹುದು ಎಂದು. ಕೋಲ್ಮನ್ ಅವರನ್ನು ಐವತ್ತರ ದಶಕದಲ್ಲಿ ಹಳಿದವರ ದೂರೂ ಇದೇ ಆಗಿತ್ತು. ಹೆಸರಿನಲ್ಲೇ ಆ ದೂರನ್ನು ಒಪ್ಪಿಕೊಂಡು ಲೇಖನ ಆರಂಭಿಸಲು ನಾನು ಸಿದ್ಧನಿಲ್ಲ.

ಅವರು ಕೈಬಿಟ್ಟದ್ದು ಏನನ್ನು? ಅವರಿಗಿಂತ ಮುಂಚಿನ ಜಾಝ್‌ನಲ್ಲಿ ಒಂದು ಹಾಡಿನ ಕೆಳಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ಮೊಳಗುವ ಸ್ವರಗುಂಪುಗಳ, ಒಂದು ನಿಶ್ಚಿತ ಸರಣಿ ಇರುತ್ತಿತ್ತು. ಆ ಸರಣಿ ಹೆಚ್ಚಾಗಿ 12 ಅಥವಾ 32 ಅಳತೆಗಳಿಗೊಮ್ಮೆ (ಅಳತೆಯೆಂದರೆ 'ಬಾರ್', ತಾಳದ ಒಂದು ಸಣ್ಣ ಸುತ್ತು) ಮೊದಲಿಗೆ ಮರಳುತ್ತದೆ. ಪಿಯಾನೊ ಅದನ್ನು ಬಿಡದೆ ನೆನಪಿಸುತ್ತಿರುತ್ತದೆ. ಊದುವವರು ಅದರ ಮೇಲೆಯೇ ತಮ್ಮ ಕಲ್ಪನೆಯನ್ನು ಬೆಳೆಸಬೇಕು. ಕೋಲ್ಮನ್ ತಮ್ಮ ಪ್ರಸಿದ್ಧ ತಂಡದಲ್ಲಿ ಪಿಯಾನೊವನ್ನೇ ಇಟ್ಟುಕೊಳ್ಳಲಿಲ್ಲ. ಸರಣಿ ಹೋಯಿತು. ಹಾಡು ಹೋಗಲಿಲ್ಲ, ಲಯವೂ ಹೋಗಲಿಲ್ಲ. 1959ರ ಮೇ 22ರಂದು ಹಾಲಿವುಡ್‌ನಲ್ಲಿ ಮುದ್ರಿಸಿದ 'ದಿ ಶೇಪ್ ಆಫ್ ಜಾಝ್ ಟು ಕಮ್' ಕೇಳಿ. ಮೊದಲ ರಚನೆ 'ಲೋನ್ಲಿ ವುಮನ್'ನಲ್ಲಿ ಹಿಗಿನ್ಸ್ ಅವರ ತಾಳವಾದ್ಯ ದ್ರುತದಲ್ಲಿ ಓಡುತ್ತಿರುತ್ತದೆ, ಹೇಡನ್ ಬಾಸ್‌ನ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಿರುತ್ತಾರೆ, ಅವುಗಳ ಮೇಲೆ ಕೋಲ್ಮನ್ ಮತ್ತು ಚೆರಿ ಒಂದು ಶೋಕದ ಹಾಡನ್ನು ಯಾವ ಆತುರವೂ ಇಲ್ಲದೆ ಎಳೆಯುತ್ತಾರೆ. ಒಮ್ಮೆ ಕೇಳಿದವರು ಆ ಹಾಡನ್ನು ಗುನುಗಬಲ್ಲರು. 'ಫ್ರೀ ಜಾಝ್' ಮುದ್ರಿಕೆಯಲ್ಲಿ ಕೂಡ ಒಬ್ಬರ ಸರದಿಯಿಂದ ಇನ್ನೊಬ್ಬರ ಸರದಿಗೆ ಹೋಗುವಾಗ ಮೊದಲೇ ಬರೆದಿಟ್ಟ ಕಹಳೆಯ ಕರೆಯಂಥ ತುಣುಕುಗಳಿವೆ.

'ಅನಿಬದ್ಧ' ಎನ್ನಬಹುದೇ ಎಂದು ಯೋಚಿಸಿದೆ. ನಮ್ಮ ಸಂಗೀತಶಾಸ್ತ್ರದ ಹಳೆಯ ವಿಂಗಡಣೆ: ತಾಳಕ್ಕೆ, ಸಾಹಿತ್ಯಕ್ಕೆ ಕಟ್ಟುಬಿದ್ದದ್ದು ನಿಬದ್ಧ, ಆಲಾಪನೆಯಂಥದು ಅನಿಬದ್ಧ. ಪದ ಸೊಗಸಾಗಿದೆ, ಆದರೆ ಇಲ್ಲಿಗೆ ಸಲ್ಲದು. ಕೋಲ್ಮನ್ ಅವರ ವಾದನದಲ್ಲಿ ನಡೆ ಬಹುಪಾಲು ಉದ್ದಕ್ಕೂ ಮಿಡಿಯುತ್ತಿರುತ್ತದೆ. ಸಂಗೀತ ಬಲ್ಲ ಓದುಗರು 'ಅನಿಬದ್ಧ' ಎಂಬುದನ್ನು ಕಂಡು ತಾಳವಿಲ್ಲದ ಆಲಾಪನೆಯನ್ನು ನಿರೀಕ್ಷಿಸಿದರೆ ಮೊದಲ ಕ್ಷಣದಲ್ಲೇ ದಾರಿ ತಪ್ಪುತ್ತಾರೆ.

ಉಳಿದದ್ದು 'ಸ್ವಚ್ಛಂದ'. ನನ್ನ ಒಲವು ಇದರ ಕಡೆಗೆ. ಇದರಲ್ಲಿ 'ಯಾವುದರಿಂದ' ಎಂಬ ಪ್ರಶ್ನೆ ಏಳುವುದಿಲ್ಲ. ತನ್ನ ಇಷ್ಟದಂತೆ ನಡೆಯುವುದು ಎಂಬ ಅರ್ಥ ನೇರವಾಗಿದೆ. 'ಛಂದ' ಕಿವಿಗೆ ಬಿದ್ದ ಕೂಡಲೇ ಛಂದಸ್ಸೂ ನೆನಪಾಗುತ್ತದೆ, ತನ್ನದೇ ಛಂದಸ್ಸಿನಲ್ಲಿ ನಡೆಯುವುದು ಎಂದೂ ಕೇಳಿಸುತ್ತದೆ. ಕೋಲ್ಮನ್ ಅವರಿಗೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಸಿಕ್ಕಿಲ್ಲ. ಅಳುಕು ಒಂದೇ: ಸ್ವೇಚ್ಛೆ, ಸ್ವೈರಗಳ ನೆರಳು ಇದರ ಮೇಲೂ ಬೀಳುತ್ತದೆಯೇ? ಹಕ್ಕಿಗಳು ಸ್ವಚ್ಛಂದವಾಗಿ ಹಾರಾಡುತ್ತಿದ್ದವು ಎಂದು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ನಿಮ್ಮ ಕಡೆಯ ಬಳಕೆಯಲ್ಲಿ ಅದು ಬೈಗುಳದ ಕಡೆಗೆ ವಾಲುತ್ತದೆಯೇ? ಹಳೆಯ ಪಠ್ಯಗಳಿಂದ ಉದಾಹರಣೆ ಕೊಡಬಲ್ಲವರು ದಯವಿಟ್ಟು ಕೊಡಿ.

ಆ ಮುದ್ರಿಕೆಗೆ ಒಂದು ಉಪಶೀರ್ಷಿಕೆಯೂ ಇದೆ, 'ಎ ಕಲೆಕ್ಟಿವ್ ಇಂಪ್ರೊವೈಸೇಶನ್'. ಕಚೇರಿ ಕೇಳುವವರಿಗೆ ಇಂಪ್ರೊವೈಸೇಶನ್ ಎಂದರೆ ಮನೋಧರ್ಮ, ಅಷ್ಟರ ಮಟ್ಟಿಗೆ ಸರಿ. ಆದರೆ 'ಸಾಮೂಹಿಕ ಮನೋಧರ್ಮ' ಎಂದು ಬರೆದು ನೋಡಿ! ಜನಸಮೂಹದ ಮನೋಭಾವದ ಬಗ್ಗೆ ಸಮಾಜಶಾಸ್ತ್ರದ ಪ್ರಬಂಧ ಆರಂಭವಾದಂತಿದೆ. ದಿನಬಳಕೆಯಲ್ಲಿ ಮನೋಧರ್ಮಕ್ಕೆ ಸ್ವಭಾವ ಎಂಬ ಅರ್ಥ ಗಟ್ಟಿಯಾಗಿ ಕೂತಿರುವುದರಿಂದ ಒಂದು ವಿಶೇಷಣ ಸೇರಿದ ಕೂಡಲೇ ಸಂಗೀತ ಮಾಯವಾಗುತ್ತದೆ. ಹಾಗಾಗಿ 'ಆಶು'ವಿನ ಕಡೆ ಹೋದೆ. ಆಶುಕವಿ, ಆಶುಭಾಷಣ ಇರುವಾಗ ಆಶುವಾದನ ಏಕಾಗಬಾರದು? ಎಂಟು ಜನ ಒಟ್ಟಿಗೆ ಮಾಡುವುದಕ್ಕೆ 'ಕೂಡು ಆಶುವಾದನ' ಎಂದರೆ ಕಿವಿಗೆ ಒಗ್ಗುತ್ತದೆಯೇ? ಇಲ್ಲಿ ನಡೆಯುವುದನ್ನು ವಿವರಿಸಲು ನನಗೆ ಹೊಳೆದ ಒಳ್ಳೆಯ ಹೋಲಿಕೆ ತಾಳಮದ್ದಲೆ. ಪ್ರಸಂಗದ ಪದ್ಯ ಮೊದಲೇ ಇದೆ, ಅರ್ಥ ಆ ಕ್ಷಣದ್ದು. ಒಬ್ಬ ಅರ್ಥಧಾರಿಯ ಮಾತಿಗೆ ಎದುರಿನವರು ಅಲ್ಲೇ ಉತ್ತರ ಕಟ್ಟಬೇಕು. ಕೋಲ್ಮನ್ ತಂಡದಲ್ಲಿಯೂ ಒಬ್ಬರು ಮುಂದಾಳಾಗಿ ನುಡಿಸುವಾಗ ಉಳಿದವರು ಸುಮ್ಮನಿರುವುದಿಲ್ಲ, ನಡುವೆ ಬಾಯಿ ಹಾಕುತ್ತಾರೆ, ಒಪ್ಪುತ್ತಾರೆ, ಕೆಣಕುತ್ತಾರೆ. ಕರಾವಳಿ, ಮಲೆನಾಡಿನ ಸದಸ್ಯರಲ್ಲಿ ಪ್ರಶ್ನೆ: ಹೀಗೆ ಎದುರಾಳಿಯ ಮಾತನ್ನು ಎತ್ತಿಕೊಂಡು ಬೆಳೆಸುವುದಕ್ಕೆ ಕಲಾವಿದರು ತಮ್ಮೊಳಗೆ ಬಳಸುವ ಪದವಿದೆಯೇ?

ಇನ್ನು ಶ್ರುತಿಯ ವಿಷಯ. ಇದಕ್ಕೆ ಅವರ ಬದುಕನ್ನು ಸ್ವಲ್ಪ ಹೇಳಬೇಕು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವರು, ಏಳನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು. ತಾಯಿ ಬಟ್ಟೆ ಹೊಲಿಯುತ್ತಿದ್ದರು. ಸ್ಯಾಕ್ಸೊಫೋನ್ ಅನ್ನು ಬಹುಮಟ್ಟಿಗೆ ತಾವೇ ಕಲಿತರು, ಊರಿನ ಕುಣಿತದ ತಂಡಗಳಲ್ಲಿ ಊದಿದರು. 1949ರಲ್ಲಿ ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಅವರು ನುಡಿಸಿದ್ದು ಹಿಡಿಸದೆ ಕೆಲವರು ಹೊರಗೆಳೆದು ಹೊಡೆದರು, ವಾದ್ಯವನ್ನೂ ಹಾಳುಮಾಡಿದರು. ಮುಂದೆ ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ಅಂಗಡಿಯೊಂದರ ಲಿಫ್ಟ್ ನಡೆಸುವ ಕೆಲಸ ಮಾಡುತ್ತಾ ಸಂಗೀತದ ಪುಸ್ತಕಗಳನ್ನು ಓದಿದರು. ಒಳ್ಳೆಯ ಹಿತ್ತಾಳೆಯ ವಾದ್ಯಕ್ಕೆ ಹಣವಿಲ್ಲದೆ 1954ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಬಿಳಿ ಪ್ಲಾಸ್ಟಿಕ್ಕಿನ ಆಲ್ಟೊ ಕೊಂಡರು. ಅದರ ನಾದ ಅವರಿಗೆ ಇಷ್ಟವಾಯಿತು. ಹೆಸರು ತಂದ ಮುದ್ರಿಕೆಗಳಲ್ಲಿ ಕೇಳಿಸುವುದು ಅದೇ. 1959ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಜಾಝ್ ಕ್ಲಬ್ಬಿನಲ್ಲಿ ನುಡಿಸತೊಡಗಿದಾಗ ಸಂಗೀತಗಾರರ ಲೋಕ ಎರಡಾಯಿತು. ವಾದ್ಯವೃಂದದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೆಚ್ಚಿದರು, ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಆ ದಿನಗಳಲ್ಲಿ ಮೂಗುಮುರಿದರು. ಎರಡು ವಾರಕ್ಕೆಂದು ಗೊತ್ತುಮಾಡಿದ ಕಾರ್ಯಕ್ರಮ ಹತ್ತು ವಾರ ನಡೆಯಿತು.

ಹಳಿದವರ ಮುಖ್ಯ ಮಾತು, ಇವರಿಗೆ ಶ್ರುತಿಯೇ ಇಲ್ಲ ಎಂಬುದು. ಇದನ್ನು ಕನ್ನಡದಲ್ಲಿ 'ಅಪಸ್ವರ' ಎಂದು ಬರೆಯುವುದು ಸರಿಯಲ್ಲ ಎಂದು ನನ್ನ ಭಾವನೆ. ಅಪಸ್ವರವೆಂದರೆ ಬರಬಾರದ ಸ್ವರ ಬಂದದ್ದು. ಅಪಶ್ರುತಿಯೆಂದರೆ ಬರಬೇಕಾದ ಸ್ವರವೇ ತನ್ನ ನೆಲೆಯಿಂದ ಜಾರಿದ್ದು. ಪತ್ರಿಕೆಗಳಲ್ಲಿ ಎರಡೂ ಒಂದೇ ಎಂಬಂತೆ ಬಳಕೆಯಾಗುತ್ತಿವೆ, ರಾಜಕೀಯದ ಸುದ್ದಿಯಲ್ಲಿ ಅದು ನಡೆಯುತ್ತದೆ, ಇಲ್ಲಿ ನಡೆಯದು. ಕೋಲ್ಮನ್ ಮೇಲಿದ್ದ ಆರೋಪ ಅಪಶ್ರುತಿಯದು. ಅವರ ಉತ್ತರ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತದೆ: 'ಪೀಸ್' ಎಂಬ ರಚನೆಯಲ್ಲಿ ಬರುವ ಒಂದು ಸ್ವರ 'ಸ್ಯಾಡ್‌ನೆಸ್' ಎಂಬ ರಚನೆಯಲ್ಲಿ ಬರುವ ಅದೇ ಸ್ವರದಂತೆ ಕೇಳಿಸಬೇಕಿಲ್ಲ ಎಂದು ಅವರು ಹೇಳುತ್ತಿದ್ದರು. ತೋಡಿಯಲ್ಲಿಯೂ ಖರಹರಪ್ರಿಯದಲ್ಲಿಯೂ ಇರುವುದು ಸಾಧಾರಣ ಗಾಂಧಾರವೇ; ಎರಡನ್ನೂ ಒಂದೇ ಬಗೆಯಲ್ಲಿ ಹಾಡಿದರೆ ಗುರುಗಳು ಸುಮ್ಮನಿರುತ್ತಾರೆಯೇ? ಹೀಗೆ ಭಾವಕ್ಕಾಗಿ ಬೇಕೆಂದೇ ಸ್ವರವನ್ನು ತುಸು ಏರಿಸುವ, ಇಳಿಸುವ ಕೆಲಸಕ್ಕೆ ದೋಷದ ಅರ್ಥವಿಲ್ಲದ ಕ್ರಿಯಾಪದ ಬೇಕು. ವೀಣೆಯವರು ತಂತಿ ಎಳೆಯುತ್ತಾರೆ. ತುಟಿ ಮತ್ತು ಉಸಿರಿನ ಬಲದಿಂದಲೇ ಮಾಡುವ ಈ ಏರಿಳಿತಕ್ಕೆ ನಾಗಸ್ವರ, ಓಲಗ ಊದುವ ಮನೆತನಗಳಲ್ಲಿ ಏನೆನ್ನುತ್ತಾರೆ? ಅಲ್ಲಿಂದ ಒಂದು ಪದ ಸಿಕ್ಕರೆ ನನಗೆ ತುಂಬಾ ಸಂತೋಷ.

'ಲೋನ್ಲಿ ವುಮನ್' ಶೀರ್ಷಿಕೆಯನ್ನು ಮೂಲದಂತೆಯೇ ಇಟ್ಟು, ಪಕ್ಕದಲ್ಲಿ ಅರ್ಥ ಕೊಡುವ ಯೋಚನೆಯಿದೆ. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಊಟದ ಬಿಡುವಿನಲ್ಲಿ ಒಂದು ಚಿತ್ರಶಾಲೆಯಲ್ಲಿ ಸಿರಿವಂತ ಬಿಳಿಯ ಹೆಂಗಸೊಬ್ಬಳ ಚಿತ್ರ ಕಂಡೆ, ಎಲ್ಲವೂ ಇದ್ದ ಅವಳ ಮುಖದಲ್ಲಿ ಅಂಥ ಒಂಟಿತನವಿತ್ತು, ಅದರಿಂದ ಈ ರಚನೆ ಹುಟ್ಟಿತು ಎಂದು ಕೋಲ್ಮನ್ ಹೇಳಿದ್ದಾರೆ. 'ಒಬ್ಬಂಟಿ' ಎಂದರೆ ಜೊತೆಗೆ ಯಾರೂ ಇಲ್ಲ ಎಂದಷ್ಟೇ ಆಗುತ್ತದೆ. 'ಏಕಾಕಿನಿ' ಕಾವ್ಯದ ಸೆರಗು ಹೊದ್ದಿದೆ. ಎಲ್ಲರ ನಡುವೆ ಇದ್ದೂ ಒಳಗೆ ಒಂಟಿಯಾಗಿರುವವಳು ಎಂಬುದು ಒಂದೇ ಪದದಲ್ಲಿ ಬರಬಹುದೇ?

ರೂಢಿ ಮುರಿದು ಹೊಸ ದಾರಿ ಹಿಡಿಯುವ ಕಲೆಯನ್ನು ಹೇಳುವ 'ಅವಾಂತ್‌ಗಾರ್ಡ್'ಗೆ 'ನವ್ಯ' ಬೇಡವೆಂದು ನಿರ್ಧರಿಸಿದ್ದೇನೆ. ಅಡಿಗರ 'ಭೂಮಿಗೀತ' ಬಂದದ್ದೂ 1959ರಲ್ಲೇ ಎಂಬುದು ನಿಜವಾದರೂ, ಕನ್ನಡದಲ್ಲಿ ಆ ಪದ ಒಂದು ಸಾಹಿತ್ಯ ಚಳವಳಿಯ ಸ್ವಂತ ಹೆಸರಾಗಿಬಿಟ್ಟಿದೆ. 'ಪ್ರಯೋಗಶೀಲ' ಸಾಕು.

'ಹಾರ್ಮೊಲೊಡಿಕ್ಸ್' ಕೋಲ್ಮನ್ ಅವರೇ ಕಟ್ಟಿದ ಪದ. ಹಾರ್ಮನಿ, ಚಲನೆ, ಮೆಲೊಡಿ ಮೂರನ್ನೂ ಬೆಸೆದದ್ದು. ರಾಗ, ಲಯ, ಮೇಳೈಕೆಗಳಲ್ಲಿ ಯಾವುದೂ ಮೇಲಲ್ಲ, ತಂಡದಲ್ಲಿ ಯಾರೂ ಬರೀ ಪಕ್ಕವಾದ್ಯದವರಲ್ಲ ಎಂಬುದು ಅದರ ತಿರುಳು. ಇದನ್ನು ಅನುವಾದಿಸದೆ, ವಿವರಿಸಿ ಹಾಗೆಯೇ ಉಳಿಸುತ್ತೇನೆ. ಈ ಸಮಾನತೆಯ ಹಂಬಲ ಅವರು ಯಾರೊಡನೆ ನುಡಿಸಿದರು ಎಂಬುದರಲ್ಲೂ ಕಾಣುತ್ತದೆ: ಹತ್ತು ವರ್ಷದ ಮಗ ಡೆನಾರ್ಡೊನನ್ನು 1966ರಲ್ಲಿ ಡ್ರಮ್ಸ್‌ಗೆ ಕೂರಿಸಿ 'ದಿ ಎಂಪ್ಟಿ ಫಾಕ್ಸ್‌ಹೋಲ್' ಮುದ್ರಿಸಿದರು, 1971ರ 'ಸೈನ್ಸ್ ಫಿಕ್ಷನ್' ಮುದ್ರಣದಲ್ಲಿ ಮುಂಬಯಿಯ ಆಶಾ ಪುತ್ಲಿ ಅವರಿಂದ ಎರಡು ಹಾಡು ಹಾಡಿಸಿದರು, 1973ರಲ್ಲಿ ಮೊರಾಕ್ಕೊದ ಜಜೂಕಾ ಹಳ್ಳಿಯ ವಾದಕರ ಜೊತೆ ಊದಿದರು.

ಕೊನೆಯದಾಗಿ 'ಸೌಂಡ್ ಗ್ರಾಮರ್'. 2005ರಲ್ಲಿ ಜರ್ಮನಿಯ ಕಾರ್ಯಕ್ರಮವೊಂದರಲ್ಲಿ ಮುದ್ರಿಸಿದ್ದು. 2007ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ತಂದದ್ದು. ಇದು ಈ ಬಳಗಕ್ಕೇ ಮೀಸಲಾದ ಶೀರ್ಷಿಕೆಯಂತಿದೆ. 'ಶಬ್ದ' ಎಂದರೆ ಸದ್ದೂ ಹೌದು, ಪದವೂ ಹೌದು. ಆದರೆ ಕೇಶಿರಾಜನ 'ಶಬ್ದಮಣಿದರ್ಪಣ' ಇರುವ ಭಾಷೆಯಲ್ಲಿ 'ಶಬ್ದವ್ಯಾಕರಣ' ಎಂದರೆ ಪದಗಳ ವ್ಯಾಕರಣವೇ ಆಗಿಬಿಡುತ್ತದೆ. 'ಧ್ವನಿವ್ಯಾಕರಣ' ಎಂದರೆ ಒಂದು ಕಡೆ ಭಾಷಾವಿಜ್ಞಾನ, ಇನ್ನೊಂದು ಕಡೆ ಕಾವ್ಯದ ಸೂಚ್ಯಾರ್ಥವನ್ನು 'ಧ್ವನಿ' ಎಂದ ಆನಂದವರ್ಧನ. 'ನಾದವ್ಯಾಕರಣ' ಕೇಳಲು ಹಿತವಾಗಿದೆ. ಆದರೆ ನಾದವೆಂದ ಕೂಡಲೇ ಇಂಪು ಬಂದು ಸೇರುತ್ತದೆ, ಕೋಲ್ಮನ್ ಅವರ ವಾದ್ಯದ ಅಳು, ಕೂಗು, ಗೊಗ್ಗರು ದನಿಗಳಿಗೆ ಅಲ್ಲಿ ಜಾಗವಿರುವುದಿಲ್ಲ. 'ಉಲಿ' ಎಂಬ ಹಳಗನ್ನಡದ ಪದವನ್ನು ಮತ್ತೆ ಕರೆತರಬಹುದೇ? 'ಉಲಿಯ ವ್ಯಾಕರಣ' ಎಂದು ಬರೆದರೆ ಇಂದಿನ ಓದುಗರಿಗೆ ಅದು ಹಕ್ಕಿಯ ದನಿಯಾಗಿ ಮಾತ್ರ ಕೇಳಿಸುತ್ತದೆಯೋ ಅಥವಾ ಎಲ್ಲ ಬಗೆಯ ಸದ್ದನ್ನೂ ಒಳಗೊಳ್ಳುತ್ತದೆಯೋ, ನಿಮ್ಮ ಅನಿಸಿಕೆ ತಿಳಿಸಿ. ಹೊಸದಾಗಿ ಟಂಕಿಸಿದ ಪದಗಳಿಗಿಂತ, ನೀವು ಓದಿದ ಅಥವಾ ಕೇಳಿದ ವಾಕ್ಯದೊಡನೆ ಪದವನ್ನು ಬರೆದು ಕಳಿಸಿದರೆ ಹೆಚ್ಚು ಉಪಕಾರವಾಗುತ್ತದೆ.