ಮಗಳ ಪ್ರಮಾಣವಚನಕ್ಕೆ ತಾತನ ಭಗವದ್ಗೀತೆ: ಇಡಲೇಬೇಕಾ?

ಬಸವನಗುಡಿ–ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ರಜೆಗೆ ಬೆಂಗಳೂರಿಗೆ ಬಂದಿದ್ದೇವೆ, ಅಮ್ಮನ ಮನೆಯಲ್ಲಿದ್ದೇನೆ. ಟೆಕ್ಸಾಸ್‌ನಲ್ಲಿ ನಮ್ಮೂರ ಲೈಬ್ರರಿ ಸಲಹಾ ಮಂಡಳಿಗೆ ಮಗಳನ್ನು ನೇಮಕ ಮಾಡಿದ್ದಾರೆ. ವಾಪಸ್ ಹೋದ ಮೇಲೆ ಸಿಟಿ ಹಾಲ್‌ನಲ್ಲಿ ಪ್ರಮಾಣವಚನ.

ಸುದ್ದಿ ಕೇಳಿ ಅಮ್ಮನಿಗೆ ಹಿಗ್ಗೋ ಹಿಗ್ಗು. ದೇವರ ಮನೆಯಿಂದ ನಮ್ಮಪ್ಪನ ಗೀತೆ ತಂದು ಕೊಟ್ಟರು. ಕೆಂಪು ವಸ್ತ್ರದಲ್ಲಿ ಸುತ್ತಿಟ್ಟದ್ದು, ರಟ್ಟಿನ ಮೇಲೆ ಕುಂಕುಮದ ಕಲೆ, ಒಳಗೆಲ್ಲ ಅಪ್ಪ ಪೆನ್ಸಿಲ್‌ನಲ್ಲಿ ಬರೆದ ಟಿಪ್ಪಣಿ. "ಇದರ ಮೇಲೆ ಕೈ ಇಟ್ಟು ಹೇಳು ಪುಟ್ಟಿ" ಅಂದರು. ಅವಳು ಒಲ್ಲೆ ಅಂದಳು. "ಅಜ್ಜಿ, ಇದರ ಒಂದು ಸಾಲೂ ನನಗೆ ಓದೋಕೆ ಬರಲ್ಲ. ಸುಮ್ನೆ ಫೋಟೋಗೆ ಕೈ ಇಟ್ಟ ಹಾಗೆ ಆಗುತ್ತೆ. ನಾನು ದೇವರ ಹೆಸರನ್ನೂ ಹೇಳಲ್ಲ" ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಅವತ್ತಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ.

ನನಗೆ ಬೇಕಿರೋದು ಇಷ್ಟೇ. ಪುಸ್ತಕ ಇಲ್ಲದೆ ಪ್ರಮಾಣ ನಡೆಯುತ್ತಾ? ದೇವರ ಹೆಸರು ಬಿಟ್ಟರೆ ಹುದ್ದೆಗೆ ತೊಂದರೆ ಆಗುತ್ತಾ? ಮೊದಲೇ ಯಾರಿಗಾದರೂ ಹೇಳಿರಬೇಕಾ?

ಜಯನಗರ–ಸಿಡ್ನಿ:
ಮಗಳಿಗೆ ಅಭಿನಂದನೆ! ಅಮ್ಮನಿಗೆ ಒಂದು ಮಸಾಲೆ ದೋಸೆ ಕೊಡಿಸಿ, ಎಲ್ಲ ಸರಿಹೋಗುತ್ತೆ.

ರಾಜಾಜಿನಗರ–ಆಸ್ಟಿನ್:
ಅಕ್ಕಾ, ಹುಷಾರು. ಹುದ್ದೆಗೆ ಧರ್ಮದ ಪರೀಕ್ಷೆ ಇಲ್ಲ ಅಂತ ಟೆಕ್ಸಾಸ್ ಸಂವಿಧಾನ ಹೇಳುತ್ತೆ. ಆದರೆ ಅದೇ ಸಾಲಿನಲ್ಲಿ "ಪರಮಾತ್ಮ ಇದ್ದಾನೆ ಅಂತ ಒಪ್ಪಬೇಕು" ಅನ್ನೋ ಷರತ್ತೂ ಇದೆ. ನಾನೇ ಓದಿದ್ದೇನೆ.

ವಿಜಯನಗರ–ಬಾಲ್ಟಿಮೋರ್:
ಆ ಸಾಲು ಪುಸ್ತಕದಲ್ಲಿ ಇನ್ನೂ ಇದೆ, ಆದರೆ ಜೀವ ಇಲ್ಲ. ಅದರ ಜೀವ ತೆಗೆದದ್ದು ನಮ್ಮ ಮೇರಿಲ್ಯಾಂಡ್‌ನ ಒಂದು ಕೇಸು. ಟೊರ್ಕಾಸೋ ಅನ್ನೋರನ್ನು ನೋಟರಿಯಾಗಿ ನೇಮಿಸಿದ್ದರು. ದೇವರನ್ನು ನಂಬುತ್ತೇನೆ ಅಂತ ಹೇಳಲು ಒಪ್ಪಲಿಲ್ಲ ಅಂತ ಹುದ್ದೆ ಕೊಡಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಯಾವ ರಾಜ್ಯವೂ ಅಂಥ ಷರತ್ತು ಹಾಕುವ ಹಾಗಿಲ್ಲ. ಕೇಂದ್ರದ ಹುದ್ದೆಗಳಿಗಂತೂ ಅಮೆರಿಕದ ಸಂವಿಧಾನದ ಆರನೇ ವಿಧಿ ಧರ್ಮದ ಪರೀಕ್ಷೆ ಕೂಡದು ಅಂತ ಮೊದಲಿನಿಂದಲೂ ಹೇಳಿದೆ.

ಪುಸ್ತಕದ ವಿಷಯ: ಬೇಕಾಗಿಲ್ಲ. ಅಧ್ಯಕ್ಷರಿಗೇ ಬೇಕಾಗಿಲ್ಲ. 1825ರಲ್ಲಿ ಜಾನ್ ಕ್ವಿನ್ಸಿ ಆಡಮ್ಸ್ ಪ್ರಮಾಣ ಮಾಡಿದ್ದು ಕಾನೂನಿನ ಪುಸ್ತಕದ ಮೇಲೆ. 1963ರಲ್ಲಿ ಕೆನಡಿ ಹತ್ಯೆಯಾದ ದಿನ ವಿಮಾನದಲ್ಲಿ ಜಾನ್ಸನ್ ಕೈಗೆ ಕೊಟ್ಟದ್ದು ಬೈಬಲ್ ಕೂಡ ಅಲ್ಲ, ಕ್ಯಾಥೊಲಿಕರ ಪ್ರಾರ್ಥನೆ ಪುಸ್ತಕ. ಯಾರ ಅಧಿಕಾರವೂ ಹೋಗಲಿಲ್ಲ.

ದೇವರ ಹೆಸರು ಬೇಡ ಅಂದರೆ "ಸ್ವೇರ್" (ಆಣೆ ಮಾಡುತ್ತೇನೆ) ಬದಲು "ಅಫರ್ಮ್" (ದೃಢವಾಗಿ ಹೇಳುತ್ತೇನೆ) ಅಂದರಾಯಿತು, ಕೊನೆಯ "ಸೋ ಹೆಲ್ಪ್ ಮಿ ಗಾಡ್" (ದೇವರು ನನಗೆ ನೆರವಾಗಲಿ) ಬಿಡಬಹುದು. 1853ರಲ್ಲಿ ಅಧ್ಯಕ್ಷ ಪಿಯರ್ಸ್ ಕೂಡ ಅಫರ್ಮ್ ಮಾಡಿದವರೇ. ಸಿಟಿ ಕ್ಲರ್ಕ್‌ಗೆ ಮೊದಲೇ ಒಂದು ಇಮೇಲ್ ಹಾಕಿ, ಹಾಳೆಯನ್ನು ಹಾಗೇ ಪ್ರಿಂಟ್ ಮಾಡಿಡುತ್ತಾರೆ. ಇನ್ನೊಂದು, ಟೆಕ್ಸಾಸ್‌ನಲ್ಲಿ ಪ್ರಮಾಣಕ್ಕೆ ಮುಂಚೆ "ಈ ಹುದ್ದೆಗಾಗಿ ಯಾರಿಗೂ ದುಡ್ಡು ಕೊಟ್ಟಿಲ್ಲ, ಆಸೆ ತೋರಿಸಿಲ್ಲ" ಅನ್ನೋ ಹೇಳಿಕೆಗೆ ಸಹಿ ಹಾಕಿಸುವ ಪದ್ಧತಿ ಇದೆ. ಅದನ್ನು ಮರೆಯಬೇಡಿ. ನನ್ನ ಕೇಳಿದರೆ ಪುಸ್ತಕಕ್ಕಿಂತ ಅದೇ ಮುಖ್ಯ.

ಮಲ್ಲೇಶ್ವರ–ಫ್ರೀಮಾಂಟ್:
ಕಾನೂನು ಪಕ್ಕಕ್ಕಿಡಿ ಸ್ವಾಮಿ. ಪ್ರಶ್ನೆ ಕಾನೂನಿನದ್ದಲ್ಲ, ಸಂಸ್ಕಾರದ್ದು. ತುಳಸಿ ಗಬ್ಬಾರ್ಡ್ 2013ರಲ್ಲಿ ಅಮೆರಿಕದ ಸಂಸದೆಯಾದಾಗ ಗೀತೆಯ ಮೇಲೆ ಕೈ ಇಟ್ಟರು. ಅವರ ತಾತ ಮುತ್ತಾತ ಭಾರತದವರೂ ಅಲ್ಲ. 2024ರಲ್ಲಿ ಆಸ್ಟ್ರೇಲಿಯಾ ಸೆನೆಟ್‌ನಲ್ಲಿ ವರುಣ್ ಘೋಷ್, ಅದೇ ವರ್ಷ ಲಂಡನ್ ಪಾರ್ಲಿಮೆಂಟಿನಲ್ಲಿ ಶಿವಾನಿ ರಾಜಾ. ಅವರಿಗಿಲ್ಲದ ಸಂಕೋಚ ನಮ್ಮ ಮಕ್ಕಳಿಗೆ ಯಾಕೆ?

ಮೂಲ ತಪ್ಪು ಎಲ್ಲಿದೆ ಹೇಳಲಾ? "ಓದೋಕೆ ಬರಲ್ಲ" ಅಂದಳಲ್ಲ, ಅಲ್ಲೇ ಇದೆ. ಕನ್ನಡ ಕಲಿಸಿಲ್ಲ. 1994ರಿಂದ ಇಲ್ಲಿದ್ದೇನೆ, ಬಂದ ಪ್ರತಿ ದಂಪತಿಗೂ ಇದನ್ನೇ ಹೇಳಿದ್ದೇನೆ. ಭಾನುವಾರ ಸಾಕರ್ ಬಿಡಿಸಿ, ಕನ್ನಡ ಶಾಲೆಗೆ ಕಳಿಸಿ. ನನ್ನ ಇಬ್ಬರೂ ಮಕ್ಕಳು ಇವತ್ತಿಗೂ ಹಬ್ಬದಲ್ಲಿ ನಿಂತು ವಿಷ್ಣು ಸಹಸ್ರನಾಮ ಹೇಳುತ್ತಾರೆ.

ವಿಜಯನಗರ–ಬಾಲ್ಟಿಮೋರ್:
ಸಾರ್, ಅವರು ಕೇಳಿದ್ದು ಅದಲ್ಲ.

ಮಲ್ಲೇಶ್ವರ–ಫ್ರೀಮಾಂಟ್:
ಕೇಳದಿದ್ದರೂ ಹೇಳಬೇಕಾದ್ದು ಅದೇ.

ಹನುಮಂತನಗರ–ಟೊರೊಂಟೊ:
ಅಂಕಲ್ ಮಾತು ಒರಟು, ಆದರೆ ಸುಳ್ಳಲ್ಲ. ನಮ್ಮತ್ತೆ ಮೊಮ್ಮಗನಿಗೆ ಅಂತ ಬರೆದ ಕಾಗದಗಳು ನನ್ನ ಡ್ರಾಯರ್‌ನಲ್ಲಿವೆ. ಅವರು ಈಗಿಲ್ಲ. ನಾನು ಕೂತು ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಗನಿಗೂ ಪುರುಸೊತ್ತಿಲ್ಲ, ನನಗೂ ಧೈರ್ಯ ಸಾಲದು.

ದಾವಣಗೆರೆ–ಬೆಂಗಳೂರು–ರಾಲೀ:
ಗೀತೆಯೇ ಯಾಕೆ? ನಮ್ಮ ಮನೆಯಲ್ಲಾದರೆ ವಚನಗಳ ಪುಸ್ತಕ ಕೊಡುತ್ತಿದ್ದೆವು.

ಮಲ್ಲೇಶ್ವರ–ಫ್ರೀಮಾಂಟ್:
ಎಲ್ಲ ಒಂದೇ ಬಿಡಿ.

ದಾವಣಗೆರೆ–ಬೆಂಗಳೂರು–ರಾಲೀ:
ಒಂದೇ ಅಂದಮೇಲೆ ನಿಮ್ಮ ಮಕ್ಕಳೂ ಹಬ್ಬದಲ್ಲಿ ವಚನ ಹೇಳಬಹುದಲ್ವಾ?

ಶಿವಾಜಿನಗರ–ಮಿನಿಯಾಪೊಲಿಸ್:
ನಮ್ಮೂರಿನಿಂದ ಗೆದ್ದ ಕೀತ್ ಎಲಿಸನ್ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಮೊದಲ ಮುಸ್ಲಿಂ ಸದಸ್ಯರು. ಕುರಾನ್ ಇಡುತ್ತೇನೆ ಅಂದಾಗ ಎಂಥಾ ಗಲಾಟೆ! ಬೈಬಲ್ಲೇ ಇಡಬೇಕು ಅಂತ ರೇಡಿಯೋದ ಡೆನಿಸ್ ಪ್ರೇಗರ್ 2006ರಲ್ಲಿ ಅಂಕಣ ಬರೆದರು. ತಮಾಷೆ ಏನು ಗೊತ್ತಾ? ಸದನದ ಒಳಗೆ ನಡೆಯುವ ನಿಜವಾದ ಪ್ರಮಾಣಕ್ಕೆ ಪುಸ್ತಕವೇ ಬೇಡ. ಎಲ್ಲರೂ ಒಟ್ಟಿಗೆ ಬಲಗೈ ಎತ್ತುತ್ತಾರೆ, ಮುಗೀತು. ಪುಸ್ತಕ ಬರೋದು ಆಮೇಲೆ, ಸ್ಪೀಕರ್ ಜೊತೆ ಫೋಟೋಗೆ. ಮಗಳು ಫೋಟೋ ಅಂದದ್ದು ಸರಿಯಾಗೇ ಇದೆ.

2007ರ ಜನವರಿಯಲ್ಲಿ ಎಲಿಸನ್ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ತರಿಸಿದ್ದು ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಸ್ವಂತ ಕುರಾನ್. ಜಾರ್ಜ್ ಸೇಲ್ ಮಾಡಿದ ಇಂಗ್ಲಿಷ್ ಅನುವಾದ, ಎರಡು ಸಂಪುಟ. ಬೈದವರ ಬಾಯಿ ಅರ್ಧ ಕಟ್ಟಿತು. ನನಗೆ ಖುಷಿಯಾಯಿತು, ಆದರೆ ಸ್ವಲ್ಪ ಕಸಿವಿಸಿಯೂ ಆಯಿತು. ನಮ್ಮಪ್ಪನ ಮನೆಯ ಕುರಾನ್ ಆಗಿದ್ದರೆ ಅಷ್ಟು ಮರ್ಯಾದೆ ಸಿಗುತ್ತಿತ್ತಾ?

ಎಚ್‌ಎಸ್‌ಆರ್ ಲೇಔಟ್ (ವಾಪಸ್ ಬಂದವನು):
ಇಲ್ಲಿ ಭಾರತದಲ್ಲಿ ಪುಸ್ತಕದ ರಗಳೆಯೇ ಇಲ್ಲ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡೇ ದಾರಿ: ದೇವರ ಹೆಸರು, ಇಲ್ಲವೇ ಸತ್ಯನಿಷ್ಠೆ. ಆದರೂ ನಮ್ಮವರು ಅಲ್ಲೇ ನಿಲ್ಲುವುದಿಲ್ಲ. 2023ರ ಮೇ 20ರಂದು ಕಂಠೀರವ ಸ್ಟೇಡಿಯಂನಲ್ಲಿ ಡಿ.ಕೆ. ಶಿವಕುಮಾರ್ ಪ್ರಮಾಣ ಮಾಡಿದ್ದು ತಾವು ನಂಬುವ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ. ಸಿನಿಮಾ ನೋಡಿ ಕೋರ್ಟಿನಲ್ಲಿ ಗೀತೆ ಮುಟ್ಟಿಸುತ್ತಾರೆ ಅಂದುಕೊಂಡವರು ಜಾಸ್ತಿ. 1969ರ ಪ್ರಮಾಣಗಳ ಕಾಯ್ದೆಯಲ್ಲಿ ಪುಸ್ತಕದ ಮಾತೇ ಇಲ್ಲ, ಸಾಕ್ಷಿ ಹೇಳೋರು ಸುಮ್ನೆ ನಿಂತು ಪ್ರಮಾಣದ ಮಾತು ಹೇಳುತ್ತಾರೆ, ಅಷ್ಟೇ. ಅಮ್ಮನಿಗೆ ಇದನ್ನು ಹೇಳಿ ನೋಡಿ. ಅಮೆರಿಕಕ್ಕೆ ಹೋಗಿ ಹುಡುಗಿ ಕೆಟ್ಟಳು ಅನ್ನೋ ಅನುಮಾನವಾದರೂ ಹೋಗಬಹುದು.

ಮಲ್ಲೇಶ್ವರ–ಫ್ರೀಮಾಂಟ್:
ಅದಕ್ಕೇ ದೇಶ ಹೀಗಿರೋದು.

ಬಸವನಗುಡಿ–ಡಲ್ಲಾಸ್:
ಬಾಲ್ಟಿಮೋರ್ ಸಾರ್‌ಗೆ ಥ್ಯಾಂಕ್ಸ್. ಕ್ಲರ್ಕ್ ಉತ್ತರ ಕೊಟ್ಟರು. ಅಫರ್ಮ್ ಅಂತ ಬರೆದುಕೊಂಡಿದ್ದಾರೆ, ಪುಸ್ತಕ ತಂದರೂ ಸರಿ, ಬಿಟ್ಟರೂ ಸರಿ ಅಂದಿದ್ದಾರೆ. ಫ್ರೀಮಾಂಟ್ ಸಾರ್, ಮಗಳು ಕನ್ನಡ ಶಾಲೆಗೆ ಹೋಗಿದ್ದಾಳೆ. ಅಕ್ಷರ ಗೊತ್ತು. ನಮ್ಮಪ್ಪನ ಗೀತೆ ಇರೋದು ಸಂಸ್ಕೃತ ಶ್ಲೋಕ, ಹಳೇ ಕಾಲದ ಟೀಕೆ. ಅದು ನನಗೂ ಪೂರ್ತಿ ಅರ್ಥವಾಗಲ್ಲ.

ಮಲ್ಲೇಶ್ವರ–ಫ್ರೀಮಾಂಟ್:
ಹಾಗಾದರೆ ಸಂಸ್ಕೃತ ಕ್ಲಾಸೂ ಇದೆ, ಆನ್‌ಲೈನ್. ಲಿಂಕ್ ಕಳಿಸುತ್ತೇನೆ.

ಯಲಹಂಕ–ಸಿಯಾಟಲ್:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮುಂದಿನ ವಾರ ನಂದು ಸಿಟಿಜನ್‌ಶಿಪ್ ಪ್ರಮಾಣ ಇದೆ. ಅದಕ್ಕೂ ಇದೇ ಲೆಕ್ಕಾನಾ?

ವಿಜಯನಗರ–ಬಾಲ್ಟಿಮೋರ್:
ಹೌದು. "ಅಫರ್ಮ್" ಅಂತ ಹೇಳಿ ದೇವರ ಮಾತು ಬಿಡಬಹುದು, ಅದಕ್ಕೆ ಪುರಾವೆ ಕೇಳುವುದಿಲ್ಲ. ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಅನ್ನೋ ಸಾಲು ಬಿಡಬೇಕು ಅಂದರೆ ಮಾತ್ರ ಬೇರೆ ವಿಚಾರಣೆ ಇರುತ್ತೆ. ಪುಸ್ತಕ ಏನೂ ಬೇಡ. ಗ್ರೀನ್ ಕಾರ್ಡ್ ಮಾತ್ರ ತಪ್ಪದೆ ತಗೊಂಡು ಹೋಗಿ, ಅದನ್ನು ಅಲ್ಲೇ ವಾಪಸ್ ಕೊಡಬೇಕು.